ಗಿಡ ಒಣಗಿದ್ದಕ್ಕೆ ಮಾಲಿ ಕಾರಣ ಅಲ್ಲ ಸ್ವಾಮೀ, ಕುಂಡ!

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಆದರೆ ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಕೂತು ಎದ್ದು ಬಂದ ಮೇಲೆ ಸುಮ್ಮನಿರೋಕೆ ಆಗ್ತಿಲ್ಲ. ಅಲ್ಲಿ ಹೇಳಿದ್ದನ್ನು ಯಾರೂ ಪೂರ್ತಿ ಕೇಳಲಿಲ್ಲ. ಇಲ್ಲಿ ನೀವಾದರೂ ಕೇಳಿ.

ಅಜೆಂಡಾದಲ್ಲಿ ಏಳನೇ ಐಟಂ: "ಗೇಟಿನ ಬಳಿ ಆರು ಅಲಂಕಾರಿಕ ಗಿಡಗಳ ಖರೀದಿ." ನೀವೂ ನೋಡಿರ್ತೀರಿ ಅಂಥ ಗಿಡಗಳನ್ನ. ಮೂರಡಿ ಬೋಳು ಕಾಂಡ, ಅದರ ತುದಿಯಲ್ಲಿ ಫುಟ್‌ಬಾಲಿನಂತೆ ಗುಂಡಗೆ ಕತ್ತರಿಸಿದ ಹಸಿರು ತಲೆ. ನರ್ಸರಿಯವರು ಬಾಲ್ ಗಿಡ ಅಂತಾರೆ, ಮಕ್ಕಳು ಲಾಲಿಪಾಪ್ ಅಂತಾರೆ, ಇಂಗ್ಲಿಷಿನ ತೋಟಗಾರಿಕೆ ಪುಸ್ತಕಗಳಲ್ಲಿ ಸ್ಟ್ಯಾಂಡರ್ಡ್ ಅಂತ ಇರುತ್ತೆ. ಫೈಕಸ್, ದುರಂತ, ಕಾಮಿನಿ ಹೀಗೆ ಯಾವುದಾದರೂ ನಿತ್ಯಹಸಿರಿನ ಪೊದೆಯನ್ನು ಹಿಡಿದು, ಒಂದೇ ಕಾಂಡ ಉಳಿಸಿ, ಬುಡದ ಚಿಗುರೆಲ್ಲ ಚಿವುಟಿ, ವರ್ಷಗಟ್ಟಲೆ ತಲೆ ಕತ್ತರಿಸಿ ಮಾಡಿದ ಆಕಾರ ಅದು. ನಮ್ಮ ಗೇಟಿನಲ್ಲಿ ಇದ್ದದ್ದು ಕಾಮಿನಿ.

ಹೊಸದು ಯಾಕೆ ಬೇಕಾಯ್ತು? ಹಳೆಯ ಆರೂ ಒಣಗಿದವು. ಹಳೆಯವು ಯಾಕೆ ಒಣಗಿದವು? ಕಮಿಟಿಯ ಪ್ರಕಾರ ಮಾಲಿಯ ಬೇಜವಾಬ್ದಾರಿಯಿಂದ. ಆ ಮಾಲಿ ಈಗ ನಮ್ಮಲ್ಲಿಲ್ಲ. ಹೋದ ವರ್ಷ ಇಂಥದ್ದೇ ಒಂದು ಮೀಟಿಂಗಿನಲ್ಲಿ ಅವರನ್ನು ಬಿಡಿಸುವ ತೀರ್ಮಾನ ಆಯ್ತು. ಆವತ್ತು ನಾನೂ ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಈ ಪೋಸ್ಟಿನಲ್ಲಿ ನಾನು ಯಾರನ್ನಾದರೂ ಬೈದರೆ, ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಅಂತ ಇಟ್ಕೊಂಡು ಓದಿ.

ಆಮೇಲೆ ಏನಾಯ್ತು ಅಂದ್ರೆ, ಕಸದ ಗಾಡಿಗೆ ಹಾಕೋಕೆ ಇಟ್ಟಿದ್ದ ಆ ಗಿಡಗಳನ್ನು ನಾನು ಕೇಳಿ ಪಡೆದೆ. ದೊಡ್ಡ ಕರುಣೆಯಿಂದೇನಲ್ಲ, ಬಿಟ್ಟಿ ಸಿಗುತ್ತಲ್ಲ ಅಂತ :-) ಮೊದಲ ಕುಂಡವನ್ನು ಅಡ್ಡ ಮಲಗಿಸಿದಾಗ ಒಳಗಿನಿಂದ ಕಪ್ಪು ನೀರು ಸುರಿಯಿತು. ಬಚ್ಚಲ ಮೋರಿಯ ವಾಸನೆ. ಎರಡನೆಯದರಲ್ಲೂ ಅದೇ. ಕುಂಡ ತಿರುಗಿಸಿ ತಳ ನೋಡಿದೆ. ತೂತೇ ಇಲ್ಲ! ಫಳಫಳ ಹೊಳೆಯುವ ದುಬಾರಿ ಫೈಬರ್ ಕುಂಡಗಳು. ಇಂಥವು ಎಷ್ಟೋ ಸಲ ತೂತು ಕೊರೆಯದೇ ಬರುತ್ತವೆ, ಕೊಂಡವರೇ ಡ್ರಿಲ್ ಹಿಡಿದು ಕೊರೆದುಕೊಳ್ಳಬೇಕು. ನಮ್ಮವರು ಕೊರೆದಿರಲಿಲ್ಲ.

ಸೆಕ್ಯೂರಿಟಿಯವರನ್ನು ವಿಚಾರಿಸಿದಾಗ ಗೊತ್ತಾಯ್ತು, ಮಾಲಿ ಮೊದಲ ವಾರದಲ್ಲೇ ಹೇಳಿದ್ದರಂತೆ, "ಸಾರ್, ಕುಂಡಕ್ಕೆ ತೂತಿಲ್ಲ" ಅಂತ. "ತೂತು ಮಾಡಿದ್ರೆ ಕೆಂಪು ನೀರು ಇಳಿದು ಗ್ರಾನೈಟ್ ಕಲೆ ಆಗುತ್ತೆ, ನೀನು ನೀರು ಕಮ್ಮಿ ಹಾಕು" ಅಂತ ಉತ್ತರ ಸಿಕ್ಕಿತಂತೆ. ಕಮ್ಮಿ ಹಾಕಿದರೆ ಎಲೆ ಬಾಡುತ್ತೆ, ಆಗ "ನೀರೇ ಹಾಕಲ್ಲ ಈ ಮನುಷ್ಯ" ಅನ್ನೋ ದೂರು. ಜಾಸ್ತಿ ಹಾಕಿದರೆ ಬೇರು ಕೊಳೆಯುತ್ತೆ, ಆಗಲೂ ಎಲೆ ಬಾಡುತ್ತೆ. ಮಜಾ ನೋಡಿ, ನೀರು ಸಾಲದ ಗಿಡ ಮತ್ತು ನೀರಿನಲ್ಲಿ ಮುಳುಗಿದ ಗಿಡ ಎರಡೂ ಮೇಲಿನಿಂದ ಒಂದೇ ಥರ ಕಾಣುತ್ತವೆ. ಬೇರು ಸತ್ತರೆ ಸುತ್ತ ಎಷ್ಟೇ ನೀರಿದ್ದರೂ ಕುಡಿಯೋಕೆ ಬಾಯಿಲ್ಲ. ಇದು ಗೊತ್ತಿಲ್ಲದವರು ಬಾಡಿದ ಗಿಡ ಕಂಡ ಕೂಡಲೇ ಇನ್ನೊಂದು ಬಕೆಟ್ ಸುರೀತಾರೆ.

ಈಗ ಭಾನುವಾರದ ತೀರ್ಮಾನ ಕೇಳಿ. ಹೊಸ ಆರು ಗಿಡ ತರೋದು. ಅದೇ ಕುಂಡಗಳಲ್ಲಿ ನೆಡೋದು. ಹೊಸ ಮಾಲಿಗೆ "ಸರಿಯಾಗಿ ನೋಡಿಕೊಳ್ಳಬೇಕು" ಅಂತ ಎಚ್ಚರಿಕೆ ಕೊಡೋದು. ನಾನು ಎದ್ದು ನಿಂತು ತೂತಿನ ಪುರಾಣ ಶುರು ಮಾಡಿದೆ. "ಸಾರ್, ಟೈಮ್ ಇಲ್ಲ, ಪಾರ್ಕಿಂಗ್ ವಿಷಯ ಬಾಕಿ ಇದೆ" ಅಂದರು. ಹಾಗಾಗಿ ಈ ಪೋಸ್ಟು.

ನನ್ನ ವಾದ ಒಂದೇ ಸಾಲಿನದು. ಕುಂಡದಲ್ಲಿರುವ ಗಿಡದ ರೋಗ ನೂರಕ್ಕೆ ತೊಂಬತ್ತು ಸಲ ಇರೋದು ಎಲೆಯಲ್ಲಲ್ಲ, ಬೇರಿನಲ್ಲಿ. (ತೊಂಬತ್ತು ಅನ್ನೋದು ಸರ್ವೆ ಅಲ್ಲ, ಮಾತಿನ ವರಸೆ.) ನಾವು ನೋಡೋದು ಎಲೆ, ಔಷಧಿ ಹೊಡೆಯೋದು ಎಲೆಗೆ, ಗೊಬ್ಬರ ಹಾಕೋದು ಎಲೆ ಹಸಿರಾಗಲಿ ಅಂತ, ಬೈಯೋದು ಎಲೆ ಉದುರಿತು ಅಂತ. ಕುಂಡದಿಂದ ಗಿಡ ತೆಗೆದು ಬೇರು ನೋಡುವವರು ಎಷ್ಟು ಜನ?

ನೆಲದ ಗಿಡಕ್ಕೆ ತನ್ನ ದಾರಿ ತಾನು ಹುಡುಕಿಕೊಳ್ಳೋ ಸ್ವಾತಂತ್ರ್ಯ ಇದೆ. ಇಲ್ಲಿ ನೀರಿಲ್ಲ ಅಂದ್ರೆ ಅಲ್ಲಿಗೆ ಬೇರು ಬಿಡುತ್ತೆ. ಕುಂಡದ ಗಿಡಕ್ಕೆ ಇರೋದು ಹತ್ತೋ ಹದಿನೈದೋ ಲೀಟರ್ ಮಣ್ಣು, ಅಷ್ಟೇ ಅದರ ಪ್ರಪಂಚ. ಅದರಲ್ಲೂ ಗುಂಡುತಲೆಯ ಗಿಡದ ಪಾಡು ಇನ್ನೂ ಕಷ್ಟ. ಪೊದೆಯಾಗಿ ಬಿಟ್ಟಿದ್ದರೆ ಒಂದು ಕೊಂಬೆ ಸತ್ತರೂ ಬುಡದಿಂದ ಇನ್ನೊಂದು ಬರ್ತಿತ್ತು. ನಾವು ಬುಡದ ಚಿಗುರೆಲ್ಲ ಚಿವುಟಿ ಒಂಟಿ ಕಾಂಡದ ಮೇಲೆ ಇಡೀ ಸಂಸಾರ ನಿಲ್ಲಿಸಿದ್ದೇವೆ. ಆ ಕಾಂಡಕ್ಕೆ ಏನಾದರೂ ಆದರೆ ಕತೆ ಮುಗೀತು.

ಇದನ್ನು ಫ್ರಾನ್ಸಿನವರು ಯಾವತ್ತೋ ಅರ್ಥ ಮಾಡಿಕೊಂಡಿದ್ದರು. ವರ್ಸೇಲ್ಸ್ ಅರಮನೆಯಲ್ಲಿ 1684ರಿಂದ 1686ರವರೆಗೆ ಕಟ್ಟಿಸಿದ ಒರಾಂಜೆರಿ ಅನ್ನೋ ದೊಡ್ಡ ಕಟ್ಟಡ ಇದೆ. ಕಿತ್ತಳೆ ಜಾತಿಯ ಗಿಡಗಳನ್ನು ಹೀಗೇ ಒಂಟಿ ಕಾಂಡ, ಗುಂಡುತಲೆ ಮಾಡಿ ಮರದ ಚೌಕ ಪೆಟ್ಟಿಗೆಗಳಲ್ಲಿ ಬೆಳೆಸಿ, ಚಳಿಗಾಲದಲ್ಲಿ ಒಳಗಿಟ್ಟು ಬೇಸಿಗೆಯಲ್ಲಿ ಹೊರಗಿಡುತ್ತಾರೆ. ಇವತ್ತಿಗೂ ಅಲ್ಲಿ ಸಾವಿರದಷ್ಟು ಗಿಡಗಳಿವೆ, ಕೆಲವಕ್ಕೆ ಇನ್ನೂರು ವರ್ಷ ದಾಟಿದೆ. ಆ ಪೆಟ್ಟಿಗೆಯ ವಿಶೇಷ ಏನು ಗೊತ್ತಾ? ಪಕ್ಕದ ಹಲಗೆಗಳು ಬಾಗಿಲಿನಂತೆ ತೆರೆಯುತ್ತವೆ! ಗಿಡ ಕೀಳದೇ ಬೇರು ನೋಡಬಹುದು, ಕತ್ತರಿಸಬಹುದು, ಮಣ್ಣು ಬದಲಿಸಬಹುದು. ರಾಜನ ಗಿಡಕ್ಕೆ ಬೇರಿನ ಬಾಗಿಲು. ನಮ್ಮ ಗೇಟಿನ ಗಿಡಕ್ಕೆ ಒಂದು ತೂತೂ ಇಲ್ಲ.

ಅಂದ ಹಾಗೆ ಕಾಮಿನಿಯೂ ಅದೇ ನಿಂಬೆ-ಕಿತ್ತಳೆಯ ಕುಟುಂಬದ್ದೇ. ನಮ್ಮ ಒಗ್ಗರಣೆಯ ಕರಿಬೇವಿಗೂ ಹತ್ತಿರದ ನೆಂಟ. ಎಲೆಯ ಜೋಡಣೆ ನೋಡಿದರೇ ನೆಂಟಸ್ತಿಕೆ ಗೊತ್ತಾಗುತ್ತೆ. ನಮ್ಮಮ್ಮ ಊರಿಂದ ಬಂದವರು ಗೇಟಲ್ಲಿ ಅದರ ಎಲೆ ಹಿಸುಕಿ ಮೂಸಿ, "ಇದು ಕರಿಬೇವಿನ ಪೇಟೆ ಕಡೆಯ ತಂಗಿ" ಅಂದಿದ್ದರು :-)

ಈಗ ವಿರೋಧ ಪಕ್ಷದ ವಾದಗಳಿಗೆ ಬರೋಣ.

"ಎಸೆದು ಹೊಸದು ತಂದರೆ ಅಗ್ಗ ಕಣ್ರೀ." ಇದು ಕಮಿಟಿಯ ವಾದ. ಮೂರಡಿ ಕಾಂಡದ ಮೇಲೆ ತುಂಬಿದ ತಲೆ ಬರೋಕೆ ಯಾರೋ ನಾಲ್ಕೈದು ವರ್ಷ ಅದನ್ನು ಕೋಲಿಗೆ ಕಟ್ಟಿ, ಚಿವುಟಿ, ಕತ್ತರಿಸಿ ಬೆಳೆಸಿರ್ತಾರೆ. ಅದನ್ನು ತೂತಿಲ್ಲದ ಕುಂಡಕ್ಕೆ ಇಳಿಸಿದರೆ ಒಂದೇ ಮಳೆಗಾಲಕ್ಕೆ ಸಾಯುತ್ತೆ. ಕಾರಣ ಸರಿಪಡಿಸದೇ ಗಿಡ ಬದಲಿಸಿದರೆ ಮುಂದಿನ ವರ್ಷ ಮತ್ತೆ ಆರು, ಅದರ ಮುಂದಿನ ವರ್ಷ ಮತ್ತೆ ಆರು. ಇದು ಅಗ್ಗವಾ? ಜೊತೆಗೆ ಪ್ರತಿ ವರ್ಷ ಒಬ್ಬ ಮಾಲಿ!

"ಗಿಡಕ್ಕೆ ಹೀಗೆ ಚಿತ್ರಹಿಂಸೆ ಕೊಟ್ಟು ಆಕಾರ ಮಾಡೋದೇ ತಪ್ಪು, ಸಾಯಲಿ ಬಿಡಿ." ಇದು ನನ್ನ ಪರಿಸರವಾದಿ ಗೆಳೆಯನ ವಾದ. ಅವನ ಮೇಲೆ ಗೌರವ ಇದೆ, ಆದರೂ ಒಪ್ಪಲ್ಲ. ಚಿವುಟೋದು ಗಿಡಕ್ಕೆ ಹೊಸದೇನಲ್ಲ. ಕರಿಬೇವನ್ನು ದಿನಾ ಚಿವುಟುತ್ತೇವೆ, ಬೇಲಿಯ ದಾಸವಾಳವನ್ನು ಮೇಕೆ ತಿನ್ನುತ್ತೆ, ಮತ್ತೆ ಚಿಗುರುತ್ತೆ. ವಾಷಿಂಗ್ಟನ್ನಿನ ನ್ಯಾಷನಲ್ ಆರ್ಬೊರೇಟಮ್ಮಿನಲ್ಲಿ 1625ರಿಂದ ಕುಂಡದಲ್ಲೇ ಪಳಗಿದ ಜಪಾನಿನ ಒಂದು ಪೈನ್ ಬೋನ್ಸಾಯ್ ಇದೆ. 1945ರಲ್ಲಿ ಹಿರೋಶಿಮಾದ ಬಾಂಬಿನಿಂದಲೂ ಬದುಕಿ ಉಳಿದದ್ದು ಅದು. ಕುಂಡ ಮತ್ತು ಕತ್ತರಿ ಗಿಡವನ್ನು ಕೊಲ್ಲಲ್ಲ, ಕುಂಡಕ್ಕೆ ಹಾಕಿ ಮರೆಯೋದು ಕೊಲ್ಲುತ್ತೆ. ಆಕಾರ ಕೊಟ್ಟವರು ನಾವು, ಬುಡದ ಚಿಗುರು ಕಿತ್ತವರು ನಾವು, ಸಿಮೆಂಟಿನ ಮೇಲೆ ತಂದಿಟ್ಟವರು ನಾವು. ಈಗ "ಪ್ರಕೃತಿಗೆ ಬಿಡಿ" ಅಂದರೆ ಅದು ಜಾರಿಕೊಳ್ಳೋ ಮಾತು.

ಮೂರನೆಯವರು ಅತಿ ಅಪಾಯಕಾರಿಗಳು: "ಸ್ವಲ್ಪ ಗೊಬ್ಬರ ಹಾಕಿ, ಸರಿ ಹೋಗುತ್ತೆ." ಇವರ ಜೊತೆಗೆ ವಾಟ್ಸಾಪ್ ವೈದ್ಯರು. ಮಜ್ಜಿಗೆ ಹಾಕಿ, ಮೊಟ್ಟೆ ಚಿಪ್ಪು ಹಾಕಿ, ಕಾಫಿ ಚರಟ ಹಾಕಿ, ಎಪ್ಸಮ್ ಸಾಲ್ಟ್ ಹಾಕಿ... ಜ್ವರ ಬಂದು ಮಲಗಿದವರಿಗೆ ಹೋಳಿಗೆ ಊಟ ಹಾಕಿದ ಹಾಗೆ. ಬೇರು ಕೊಳೆತ ಗಿಡಕ್ಕೆ ರಾಸಾಯನಿಕ ಗೊಬ್ಬರ ಹಾಕಿದರೆ ಮಣ್ಣಿನಲ್ಲಿ ಉಪ್ಪು ಹೆಚ್ಚಾಗಿ, ಉಳಿದ ನಾಲ್ಕು ಬೇರೂ ಸುಡುತ್ತವೆ. ಇದನ್ನು ಪುಸ್ತಕ ಓದಿ ಹೇಳ್ತಿಲ್ಲ. ನನ್ನ ಬಾಲ್ಕನಿಯಲ್ಲಿ ಮೊದಲು ಎರಡು ಕಾಮಿನಿ ಇದ್ದವು. ಒಂದು ಸೊರಗಿದಾಗ ನಾನೇ ಒಂದು ಮುಷ್ಟಿ ಯೂರಿಯಾ ಹಾಕಿ ಅದನ್ನು ಸ್ವಂತ ಕೈಯಾರೆ ಮುಗಿಸಿದ್ದೇನೆ. ನನ್ನನ್ನು ಮಾತ್ರ ಯಾರೂ ಕೆಲಸದಿಂದ ತೆಗೆಯಲಿಲ್ಲ.

ಎಲೆ ಹಳದಿಯಾದರೆ ಎಲ್ಲದಕ್ಕೂ ಒಂದೇ ಮದ್ದು ಅನ್ನೋದೂ ಸುಳ್ಳು. ಹಳೆಯ ಎಲೆ, ಅಂದರೆ ಕೊಂಬೆಯ ಕೆಳಗಿನವು, ನರಗಳ ನಡುವೆ ಹಳದಿಯಾದರೆ ಮೆಗ್ನೀಶಿಯಂ ಕೊರತೆ ಇರಬಹುದು, ಆಗ ಎಪ್ಸಮ್ ಸಾಲ್ಟಿಗೆ ಅರ್ಥ ಇದೆ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ ಕಾಮಿನಿಗೆ ಇದು ಬರುತ್ತೆ. ಮಣ್ಣಲ್ಲಿ ಕಬ್ಬಿಣ ಇರುತ್ತೆ, ಸುಣ್ಣದಂಶ ಹೆಚ್ಚಾಗಿ ಗಿಡಕ್ಕೆ ಸಿಗೋದಿಲ್ಲ. ಇಂಥ ಕುಂಡಕ್ಕೆ ಮೊಟ್ಟೆ ಚಿಪ್ಪು ಹಾಕೋದು ಅಂದರೆ ಸುಣ್ಣಕ್ಕೆ ಸುಣ್ಣ ಸೇರಿಸಿದ ಹಾಗೆ. ಮಳೆ ನೀರು ಹಿಡಿದು ಹಾಕಿ, ಮಣ್ಣು ಬದಲಿಸಿ, ಬೇಕಾದರೆ ಕಬ್ಬಿಣದ ಚೀಲೇಟ್ ಕೊಡಿ. ಆದರೆ ಕೊಳೆತ ಬೇರಿನ ಗಿಡದಲ್ಲೂ ಎಲೆ ಹೀಗೇ ಹಳದಿಯಾಗಬಹುದು. ಅದಕ್ಕೇ ಹೇಳೋದು, ಮೊದಲು ಬೇರು ನೋಡಿ ಅಂತ.

ಸರಿ, ಬೈದಿದ್ದು ಸಾಕು, ಏನು ಮಾಡಬೇಕು ಹೇಳು ಅಂತೀರಾ? ಆ ಆರರಲ್ಲಿ ನಾಲ್ಕು ಈಗ ನಮ್ಮ ಟೆರೇಸಿನಲ್ಲಿ ಚಿಗುರಿ ನಿಂತಿವೆ. ನಾನು ಮಾಡಿದ್ದಿಷ್ಟು.

ಮೊದಲು, ಬದುಕಿದೆಯಾ ಅಂತ ನೋಡೋದು. ಉಗುರಿನಿಂದ ಕಾಂಡದ ತೊಗಟೆಯನ್ನು ಒಂದು ಚೂರು ಕೆರೆಯಿರಿ. ಒಳಗೆ ಹಸಿರು, ಒದ್ದೆ ಇದ್ದರೆ ಜೀವ ಇದೆ. ಕಂದು, ಒಣ ಇದ್ದರೆ ಕೆಳಗೆ ಕೆರೆಯುತ್ತಾ ಹೋಗಿ. ಬುಡದವರೆಗೂ ಕಂದು ಅಂದರೆ ನಮಸ್ಕಾರ ಹೇಳಿ ಬಿಡಿ, ಪಾಪಪ್ರಜ್ಞೆ ಬೇಡ. ನನ್ನ ಎರಡು ಹೀಗೇ ಹೋದವು.

ಎರಡು, ಕಾಂಡವನ್ನು ಕೋಲಿಗೆ ಕಟ್ಟಿದ ದಾರ ನೋಡಿ. ನರ್ಸರಿಯಲ್ಲಿ ಕಟ್ಟಿದ ಪ್ಲಾಸ್ಟಿಕ್ ವೈರು ಹಾಗೇ ಉಳಿದು ತೊಗಟೆಯೊಳಗೆ ಹೂತು ಹೋಗಿರುತ್ತೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ಆ ತೊಗಟೆಯ ಮೂಲಕವೇ. ಅಲ್ಲಿ ಕುಣಿಕೆ ಬಿಗಿದರೆ ಬೇರು ಉಪವಾಸ. ಬಿಚ್ಚಿ, ಬಟ್ಟೆಯ ಪಟ್ಟಿಯಿಂದ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಕೋಲು ಮಾತ್ರ ತೆಗೆಯಬೇಡಿ, ಆ ತಲೆಭಾರಕ್ಕೆ ಗಾಳಿಯಲ್ಲಿ ಕಾಂಡ ಬಾಗುತ್ತೆ.

ಮೂರು, ಕುಂಡದಿಂದ ಹೊರಗೆ ತೆಗೆಯಿರಿ. ಇಲ್ಲಿ ಎರಡರಲ್ಲಿ ಒಂದು ಕಾಣುತ್ತೆ. ಕಪ್ಪಾಗಿ, ಮೆತ್ತಗಾಗಿ, ವಾಸನೆ ಬರೋ ಬೇರು ಇದ್ದರೆ ಅದು ಕೊಳೆತದ್ದು. ಗಟ್ಟಿ ಬೇರು ಸಿಗುವವರೆಗೆ ಕತ್ತರಿಸಿ, ಹಳೇ ಮಣ್ಣು ಪೂರ್ತಿ ಎಸೆಯಿರಿ. ಇನ್ನೊಂದು, ಬೇರುಗಳು ಕುಂಡದ ಗೋಡೆಗುಂಟ ಗಿರಗಿರ ಸುತ್ತಿ ಸಿಂಬೆಯಂತೆ ಆಗಿರೋದು. ಒಳಗೆ ನರ್ಸರಿಯ ಕೆಮ್ಮಣ್ಣಿನ ಮುದ್ದೆ ಇಟ್ಟಿಗೆಯಂತೆ ಒಣಗಿರುತ್ತೆ. ನೀರು ಹಾಕಿದರೆ ಮುದ್ದೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸರ್ರನೆ ಇಳಿದು ತಟ್ಟೆಗೆ ಬರುತ್ತೆ. ನಾವು "ಓಹೋ, ಕುಂಡ ತುಂಬ್ತು" ಅಂದುಕೊಳ್ತೇವೆ. ಒಳಗೆ ಒಂದು ಹನಿ ಹೋಗಿರಲ್ಲ! ಇಂಥ ಮುದ್ದೆಯನ್ನು ಬಕೆಟ್ ನೀರಿನಲ್ಲಿ ಗುಳ್ಳೆ ಬರೋದು ನಿಲ್ಲುವ ತನಕ ಮುಳುಗಿಸಿಡಿ. ಆಮೇಲೆ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ, ಹೊರಗಿನಿಂದ ಮತ್ತು ತಳದಿಂದ ಸುಮಾರು ಕಾಲು ಭಾಗ ಚೂಪು ಚಾಕುವಿನಿಂದ ಕತ್ತರಿಸಿ. ಕೈ ನಡುಗುತ್ತೆ, ಪರವಾಗಿಲ್ಲ.

ನಾಲ್ಕು, ಹೊಸ ಮಣ್ಣು. ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಕೋಕೋಪೀಟ್, ದಪ್ಪ ಮರಳು ಹೆಚ್ಚುಕಡಿಮೆ ಸಮಪಾಲು. ಹಿಡಿಯಲ್ಲಿ ಹಿಂಡಿ ಬಿಟ್ಟರೆ ಉದುರಬೇಕು. ಕುಂಡದ ತಳಕ್ಕೆ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತೆ ಅನ್ನೋದು ಹಳೇ ನಂಬಿಕೆ, ತಪ್ಪು. ನುಣುಪು ಮಣ್ಣಿನಿಂದ ಜಲ್ಲಿಗೆ ನೀರು ಸುಲಭವಾಗಿ ಇಳಿಯಲ್ಲ, ಒದ್ದೆಯ ಪದರ ಜಲ್ಲಿಯ ಮೇಲೆ, ಬೇರಿಗೆ ಇನ್ನೂ ಹತ್ತಿರ ಬಂದು ನಿಲ್ಲುತ್ತೆ. ತೂತಿಗೆ ಒಂದು ಚೂರು ಬಲೆ ಸಾಕು. ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಇರಲಿ, ಕಾಂಡವನ್ನು ಹೂಳಬೇಡಿ. ಕುಂಡದ ಕೆಳಗೆ ಎರಡು ಇಟ್ಟಿಗೆ ತುಂಡು ಇಡಿ, ತೂತು ನೆಲಕ್ಕೆ ಅಂಟಬಾರದು. ಗ್ರಾನೈಟ್ ಕಲೆಯ ಚಿಂತೆಯವರು ತಟ್ಟೆ ಇಟ್ಟು ಅರ್ಧ ಗಂಟೆ ಬಿಟ್ಟು ನೀರು ಚೆಲ್ಲಲಿ. ಇಷ್ಟಕ್ಕೆ ಒಬ್ಬರ ಕೆಲಸ ತೆಗೆಯಬೇಕಿತ್ತಾ?

ಐದು, ತಲೆ. ಒಣ ಕಡ್ಡಿಗಳನ್ನೆಲ್ಲ ತೆಗೆದು, ಒಳಗಿನ ಸಿಕ್ಕು ಸ್ವಲ್ಪ ಬಿಡಿಸಿ. ಬೋಳು ಹೊಡೆಯಬೇಡಿ, ಹೊಸ ಬೇರು ಬರೋಕೆ ಎಲೆ ಬೇಕು. ಗುಂಡಗೆ ಮಾಡೋ ಆಸೆ ಆರು ತಿಂಗಳು ಮರೆತುಬಿಡಿ. ತಲೆ ಪೂರ್ತಿ ಸತ್ತು ಕಾಂಡ ಮಾತ್ರ ಹಸಿರಿದ್ದರೆ ಕಾಂಡದ ಮೇಲ್ಭಾಗದಲ್ಲಿ ಬರೋ ನಾಲ್ಕೈದು ಚಿಗುರು ಉಳಿಸಿ ಹೊಸ ತಲೆ ಕಟ್ಟಬಹುದು. ಕಾಂಡವೂ ಸತ್ತು ಬುಡ ಮಾತ್ರ ಚಿಗುರಿದರೆ ಒಂದು ನೆಟ್ಟಗಿನ ಚಿಗುರು ಆರಿಸಿ ಮೊದಲಿನಿಂದ ಶುರು ಮಾಡಿ. ವರ್ಷಗಳು ಹಿಡಿಯುತ್ತೆ, ಆದರೆ ಆಗುತ್ತೆ. (ಕಸಿ ಕಟ್ಟಿದ ಗಿಡವಾದರೆ ಕಸಿಯ ಕೆಳಗಿನ ಚಿಗುರು ಬೇರೆ ಜಾತಿಯದ್ದು, ನೆನಪಿರಲಿ.)

ಕೊನೆಯದು, ಮತ್ತು ಅತಿ ಕಷ್ಟದ್ದು: ಸುಮ್ಮನಿರೋದು. ನೆರಳು-ಬೆಳಕಿನ ಜಾಗದಲ್ಲಿಟ್ಟು, ಬೆರಳು ಎರಡು ಗೆಣ್ಣು ಮಣ್ಣಿಗಿಳಿಸಿ ಒಣಗಿದ್ದರೆ ಮಾತ್ರ ನೀರು. ಹೊಸ ಚಿಗುರು ಬರುವ ತನಕ ಗೊಬ್ಬರ ಇಲ್ಲ. ಮೊದಲ ಎರಡು ವಾರ ಇನ್ನೂ ಎಲೆ ಉದುರುತ್ತೆ, ಹೆದರಬೇಡಿ. ನನಗೆ ಮೊದಲ ಚಿಗುರು ಕಂಡದ್ದು ಐದನೇ ವಾರದಲ್ಲಿ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜೂನ್-ಜುಲೈನ ಮೋಡದ ದಿನ ಒಳ್ಳೆಯದು, ಏಪ್ರಿಲ್ ಬಿಸಿಲಲ್ಲಿ ಬೇರು ಕತ್ತರಿಸಬೇಡಿ. ಚಿಗುರಿದ ಮೇಲೆ ನಿಧಾನಕ್ಕೆ ಬಿಸಿಲಿಗೆ ತನ್ನಿ. ಲಾಬಿಯ ಟ್ಯೂಬ್‌ಲೈಟಿನಲ್ಲಿ ಕಾಮಿನಿ ಬದುಕಲ್ಲ. ಆಮೇಲೆ ಎರಡು-ಮೂರು ವರ್ಷಕ್ಕೊಮ್ಮೆ ಇದೇ ಕೆಲಸ ಮತ್ತೆ.

ಇದರಲ್ಲಿ ಯಾವ ವಿದ್ಯೆ ಇದೆ ಹೇಳಿ? ಇದೆಲ್ಲ ಆ ಮಾಲಿಗೆ ಗೊತ್ತಿತ್ತು. ಅವರಿಗೆ ಇಲ್ಲದಿದ್ದದ್ದು ಒಂದು ಡ್ರಿಲ್ಲು ಮತ್ತು ಅದನ್ನು ಬಳಸೋ ಅನುಮತಿ. ಎರಡೂ ಇದ್ದ ನಮಗೆ ಕೇಳೋ ಕಿವಿ ಇರಲಿಲ್ಲ. ನನ್ನ ಟೆರೇಸಿನ ನಾಲ್ಕು ಗಿಡ ಚಿಗುರಿದ್ದು ನೋಡಿದವರೆಲ್ಲ "ನಿಮ್ಮ ಕೈಗುಣ ಚೆನ್ನಾಗಿದೆ" ಅಂತಾರೆ. ಪ್ರತಿ ಸಲ ಮುಜುಗರ ಆಗುತ್ತೆ. ಕೈಗುಣ ಅಲ್ಲ ಸ್ವಾಮೀ, ತೂತು.

ಮುಂದಿನ ತಿಂಗಳು ಹೊಸ ಗಿಡ ಬರುತ್ತವೆ. ಅದಕ್ಕೆ ಮೊದಲು ಡ್ರಿಲ್ ಹಿಡಿದು ಗೇಟಿಗೆ ನಾನೇ ಹೋಗ್ತೇನೆ, ಅನುಮತಿ ಸಿಕ್ಕರೂ ಸಿಗದಿದ್ದರೂ. ಗ್ರಾನೈಟ್ ಕಲೆಯಾದರೆ ಬಿಲ್ ನನಗೇ ಕಳಿಸಲಿ. ಹಳೇ ಮಾಲಿಯ ನಂಬರ್ ಸಿಕ್ಕಿದೆ. ಇನ್ನೂ ಫೋನ್ ಮಾಡಿಲ್ಲ. ಏನಂತ ಶುರು ಮಾಡೋದು ಅಂತ ಯೋಚಿಸ್ತಿದೀನಿ.

ನಿಮ್ಮಲ್ಲೂ ಗೇಟಿನ ಬಳಿಯೋ ಬಾಲ್ಕನಿಯಲ್ಲೋ ಇಂಥ ಸೊರಗಿದ ಗುಂಡುತಲೆ ಇದ್ದೇ ಇರುತ್ತೆ. ಇವತ್ತೇ ಹೋಗಿ ಕುಂಡದ ತಳ ನೋಡಿ. ಏನು ಕಂಡಿತು ಅಂತ ಕಾಮೆಂಟಿನಲ್ಲಿ ಬರೆಯಿರಿ. ನನ್ನ ವಾದ ತಪ್ಪು ಅನ್ನಿಸಿದರೂ ಬರೆಯಿರಿ, ಜಗಳಕ್ಕೆ ಸಿದ್ಧ :-)